ಎತ್ತಿಗೆ ಹಲ್ಲು ನೋಡ್ತಾರೆ, ಮನುಷ್ಯನಿಗೆ ಸುಳಿ ನೋಡ್ತಾರೆ!

ಹಡಗಲಿ ತಾಲ್ಲೂಕಿನ ಕುರುವತ್ತಿ ಜಾತ್ರೆ. ಶಿವರಾತ್ರಿಯ ಆಸುಪಾಸು. ಬಯಲ ತುಂಬ ಎತ್ತು, ಹೋರಿಗಳ ಸಾಲು. ಇಬ್ಬರು ಎದುರುಬದುರು ನಿಂತಿದ್ದಾರೆ. ಇಬ್ಬರ ಬಲಗೈ ಒಂದೇ ಟವೆಲ್ಲಿನ ಕೆಳಗೆ. ಅಲ್ಲಿ ಏನೋ ನಡೀತಾ ಇದೆ. ಮೇಲೆ? ಮೇಲೆ ಏನೂ ಇಲ್ಲ. ದಲ್ಲಾಳಿಯ ಮೋರೆ ಹೊಳೆಯ ಕಡೆಗೆ. ಎತ್ತಿನ ಧಣಿಯ ಬಾಯಲ್ಲಿ ಎಲೆ ಅಡಿಕೆ. ಸುತ್ತ ಹತ್ತು ಮಂದಿ ಕತ್ತು ಉದ್ದ ಮಾಡಿ ನಿಂತರೂ ರೇಟಿನ ಸುಳಿವು ಹತ್ತೋದಿಲ್ಲ. ಬೆರಳು ಹಿಡಿದಷ್ಟು ಸಾವಿರ. ಬೇಡ ಅಂದರೆ ಕೈ ಸರಕ್ಕನೆ ಹಿಂದಕ್ಕೆ. ಆಯಿತು ಅಂದರೆ ಬೆರಳು ಒಂದು ಸಲ ಬಿಗಿಯುತ್ತದೆ. ಟವೆಲ್ಲು ಹೆಗಲಿಗೆ ಹೋಗುತ್ತದೆ. "ಆತ್ಬಿಡಪಾ, ಹಗ್ಗ ಬಿಚ್ಚು!"

ಬಾಯಿಲ್ಲದೆ ಬೆರಳಲ್ಲೇ ಮಾತಾಡುವ ಈ ಜನಕ್ಕೆ ಕೈಸನ್ನೆ, ಕಣ್ಸನ್ನೆ ಕಲಿಸಲು ಪಟ್ಟಣದಿಂದ ಮಾಸ್ತರು ಬರಬೇಕಾಗಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ಕಡೆ ಸಂತೆಗೆ ಹೋದವನಿಗೆ ಇದು ಹುಟ್ಟಾ ಬಂದ ವಿದ್ಯೆ. ಎದುರಿನವನ ಕಣ್ಣು ನೋಡಿ ಅವನ ಜೇಬು ಅಳೆಯುವವರು ಇಲ್ಲಿ ಗಲ್ಲಿಗೆ ಇಬ್ಬರು ಸಿಗ್ತಾರೆ.

ಅದೇ ಈಗ ತೊಂದರೆ ಆಗಿರೋದು.

ಎತ್ತು ಕೊಳ್ಳುವವನು ಎರಡು ಕೆಲಸ ಮಾಡ್ತಾನೆ. ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸ್ತಾನೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು. ಇದರಲ್ಲಿ ಮೋಸ ಕಡಿಮೆ. ಎರಡು ಹಲ್ಲು ಹಾಕಿದ್ದಕ್ಕೆ ಎರಡು ಎರಡೂವರೆ ವರ್ಷ, ಬಾಯಿಗೂಡಿದ್ದಕ್ಕೆ ನಾಲ್ಕು ದಾಟಿರುತ್ತೆ. ದನದ ಡಾಕ್ಟರೂ ವಯಸ್ಸು ಹೇಳೋದು ಹೀಗೇ. ಎರಡನೇ ಕೆಲಸ ಸುಳಿ ನೋಡೋದು. ಬೆನ್ನ ಮೇಲೆ ಕೂದಲು ಹೀಗೆ ತಿರುಗಿದ್ದರೆ ಮನೆ ಉದ್ಧಾರ, ಹಾಗೆ ತಿರುಗಿದ್ದರೆ ಮನೆ ಹಾಳು! ಗಟ್ಟಿಮುಟ್ಟಾದ ಹೋರಿಯೂ ಸುಳಿ ಸರಿ ಇಲ್ಲ ಅಂತ ಅರ್ಧ ಬೆಲೆಗೆ ಹೋಗುತ್ತೆ. ಹೋರಿ ಮಾಡಿದ ತಪ್ಪೇನು? ಹುಟ್ಟುವಾಗ ಕೂದಲು ಹಾಗೆ ತಿರುಗಿತು, ಅಷ್ಟೇ.

ಹಲ್ಲು ನೋಡೋದು ವಿದ್ಯೆ. ಸುಳಿ ನೋಡೋದು ನಂಬಿಕೆ. ಸಂತೆಯಲ್ಲಿ ಎರಡೂ ಒಂದೇ ಉಸಿರಿಗೆ ನಡೆಯುತ್ತವೆ, ಬಜಾರದಲ್ಲೂ ನಡೆಯುತ್ತವೆ. ಬಜಾರದಲ್ಲಿ ಎದುರಿಗಿರೋದು ಹೋರಿಯಲ್ಲ, ಮನುಷ್ಯ.

ಮೊದಲು ಮೋಸವಿಲ್ಲದ ಸನ್ನೆಗಳ ಲೆಕ್ಕ ನೋಡೋಣ. ಬಸ್ಸಿನಲ್ಲಿ ಕಂಡಕ್ಟರು ಒಂದು ಸೀಟಿ ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ಡ್ರೈವರು ಹಿಂದೆ ತಿರುಗಿ ನೋಡೋದೇ ಬೇಡ. ಕಿಟಕಿಯಿಂದ ಒಳಗೆ ಬಿದ್ದ ಟವೆಲ್ಲಿಗೆ ಸೀಟಿನ ಪಟ್ಟಾ ಆಯಿತು. ಕಾಯಿದೆ ಪುಸ್ತಕದಲ್ಲಿ ಇಲ್ಲದಿದ್ದರೂ ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಎತ್ತಿ ಬಿಸಾಕುವ ಗಂಡು ಅಪರೂಪ. ಹಡಗಲಿ ಮಲ್ಲಿಗೆ ಮಾರುವ ಹೆಣ್ಣುಮಗಳು ಮೊಳ ಹಾಕುವಾಗ ಮೊಣಕೈಯಿಂದ ಬೆರಳ ತುದಿಯವರೆಗೆ ಹೂವು ಎಳೀತಾಳೆ. ಕೊಳ್ಳುವವಳ ಕಣ್ಣು ಆ ಬೆರಳ ತುದಿ ಮೇಲೇ. ಬೆರಳು ಚೂರು ಮಡಚಿತೋ, "ಏ ಯವ್ವಾ, ಕೈ ನೆಟ್ಟಗ ಹಿಡಿ!" ಜಗಳ ಅಲ್ಲಿಗೇ ಶುರು, ಅಲ್ಲಿಗೇ ಬರಖಾಸ್ತು.

ಮೈಲಾರದ ಕಾರಣಿಕಕ್ಕೆ ಹೋದವರಿಗೆ ಇನ್ನೊಂದು ಗೊತ್ತು. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲು ಏರ್ತಾನೆ. "ಸದ್ದಲೇ!" ಎಂದು ಒಂದು ಕೂಗು. ಲಕ್ಷ ಜನ ಗಪ್‌ಚಿಪ್. ಒಂದು ಮಾತು ನುಡಿದು ಮೇಲಿನಿಂದ ಬೀಳ್ತಾನೆ, ಕೆಳಗಿದ್ದವರು ಹಿಡೀತಾರೆ. ಯಾವಾಗ ಬೀಳ್ತಾನೆ, ಎಲ್ಲಿ ಕೈ ಒಡ್ಡಬೇಕು ಅಂತ ಯಾರೂ ಹೇಳಿಕೊಡೋದಿಲ್ಲ. ಮೈಯೇ ಹೇಳುತ್ತೆ. ತಮಾಷೆ ಶುರುವಾಗೋದು ಆಮೇಲೆ. ಆತ ನುಡಿದ ಒಂದೇ ಸಾಲಿಗೆ ರೈತ ಮಳೆಯ ಅರ್ಥ ಹೇಳ್ತಾನೆ, ವ್ಯಾಪಾರಸ್ಥ ರೇಟಿನ ಅರ್ಥ ಹೇಳ್ತಾನೆ, ರಾಜಕಾರಣಿ ಕುರ್ಚಿಯ ಅರ್ಥ ಹೇಳ್ತಾನೆ. ಬಾಯಿಬಿಟ್ಟು ಆಡಿದ ಮಾತಿಗೇ ಮೂರು ಅರ್ಥ ಆಗೋವಾಗ, ಆಡದೇ ಇದ್ದವನ ಮೋರೆಗೆ ಎಷ್ಟು ಅರ್ಥ ಆಗಬೇಡ?

ತಲೆ ಅಲ್ಲಾಡಿಸೋದನ್ನೇ ತಗೊಳ್ಳಿ. ಈ ಕಡೆಯವರು ತಲೆಯನ್ನು ಅತ್ತಿತ್ತ ತೂಗಿದರೆ "ಹೂಂ, ಆತು" ಅಂತ. ಉತ್ತರದ ರಾಜ್ಯದಿಂದ ಹೊಸದಾಗಿ ಬಂದ ಬ್ಯಾಂಕಿನ ಸಾಹೇಬನಿಗೆ ಅದು "ಬೇಡ" ಅನ್ನೋ ಹಾಗೆ ಕಂಡೀತು. ನಾಲಿಗೆ ಲೊಚಗುಟ್ಟಿದರೆ ಒಮ್ಮೆ "ಇಲ್ಲ", ಇನ್ನೊಮ್ಮೆ "ಅಯ್ಯೋ ಪಾಪ". ಕೇಳಿದವನು ಊರವನಾದರೆ ಸರಿ. ಪರವೂರಿನವನಾದರೆ ದೇವರೇ ಗತಿ. ಅಂದರೆ ಸನ್ನೆ ನಡೆಯೋದು ಎರಡೂ ಕಡೆಯವರಿಗೆ ಒಂದೇ ಲೆಕ್ಕ ಗೊತ್ತಿದ್ದಾಗ. ಟವೆಲ್ಲಿನ ಕೆಳಗಿನ ಬೆರಳಿಗೆ ಅರ್ಥ ಇರೋದು ಆ ಎರಡನೇ ಕೈ ಇರೋದರಿಂದ.

ಹಾಗಂತ ಟವೆಲ್ಲಿನ ವ್ಯಾಪಾರವೆಲ್ಲ ಧರ್ಮದ ವ್ಯಾಪಾರ ಎಂದು ಯಾರೂ ತಿಳಿಯಬಾರದು. ಹಿಂದೆ ಕಾಳುಕಡಿ, ಹತ್ತಿ, ಶೇಂಗಾ ಕೂಡ ಹೀಗೇ ಬಟ್ಟೆಯ ಮರೆಯಲ್ಲಿ ಮಾರಾಟ ಆಗುತ್ತಿದ್ದವು. ಖರೀದಿದಾರ ಒಬ್ಬ, ದಲ್ಲಾಳಿ ಒಬ್ಬ. ಬೆಳೆದವನು ಪಕ್ಕದಲ್ಲಿ ಚೀಲದ ಮೇಲೆ ಕೂತಿರೋನು. ತನ್ನ ಮಾಲಿಗೆ ಯಾರು ಎಷ್ಟು ಬೆರಳು ಹಿಡಿದರು ಅವನಿಗೇ ಗೊತ್ತಿಲ್ಲ! ಸಂಜೆಗೆ ದಲ್ಲಾಳಿ ಹೇಳಿದ್ದೇ ರೇಟು. 1928ರಲ್ಲಿ ವರದಿ ಕೊಟ್ಟ ರಾಯಲ್ ಕೃಷಿ ಆಯೋಗ ನಿಯಂತ್ರಿತ ಮಾರುಕಟ್ಟೆ ಬೇಕು ಎಂದಿತು. ಈ ತಾಲ್ಲೂಕುಗಳು ಆಗ ಮದರಾಸಿಗೆ ಸೇರಿದ್ದವು. 1933ರಲ್ಲಿ ಮದರಾಸು ವಾಣಿಜ್ಯ ಬೆಳೆಗಳ ಮಾರುಕಟ್ಟೆ ಕಾಯ್ದೆ ಬಂತು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆಮೇಲೆ 1966ರ ಕರ್ನಾಟಕದ ಎ.ಪಿ.ಎಂ.ಸಿ. ಕಾಯ್ದೆ. ಬಹಿರಂಗ ಹರಾಜು ಇಲ್ಲವೇ ಟೆಂಡರು. ಕೂಗಿ ಹೇಳು, ಇಲ್ಲಾ ಬರೆದು ಹಾಕು ಅಂತ. 2014ರಿಂದ ಈಚೆಗೆ ಕಂಪ್ಯೂಟರ್ ಟೆಂಡರೂ ಬಂತು. ಕೊಟ್ಟೂರು ಯಾರ್ಡಿಗೆ ಮೆಕ್ಕೆಜೋಳ ತಂದ ರೈತ ಇವತ್ತು ರೇಟು ಕಣ್ಣಲ್ಲಿ ನೋಡಬಹುದು. ತೂಕದಲ್ಲಿ, ಹಮಾಲಿಯಲ್ಲಿ, ತೇವಾಂಶದ ಹೆಸರಲ್ಲಿ ಏನೇನು ಕಡಿತ ಆಗುತ್ತೆ ಅನ್ನೋದು ಇನ್ನೊಂದು ದಿನದ ಮಾತು. ರೇಟು ಮಾತ್ರ ಟವೆಲ್ಲಿನಿಂದ ಹೊರಗೆ ಬಂತು.

ಕಾಳಿನ ರೇಟು ಹೊರಗೆ ಬಂತು. ಮನುಷ್ಯನ ರೇಟು ಇನ್ನೂ ಮರೆಯಲ್ಲೇ ಇದೆ.

ಯಾವುದಾದರೂ ಪೇಟೆ ಬೀದಿಯ ಬಟ್ಟೆ ಅಂಗಡಿ. ದೀಪಾವಳಿ ಮುಂದಿನ ವಾರ. ಇಸ್ತ್ರಿ ಅಂಗಿಯ ಗಿರಾಕಿ ಬಂದರೆ ಸಾವುಕಾರರು ಎದ್ದು ನಿಲ್ತಾರೆ. "ಬರ್ರಿ ಬರ್ರಿ, ಕೂಡ್ರಿ, ಏ ಹುಡುಗಾ ನೀರು ತಾ." ತಾಂಡಾದ ಹುಡುಗ ಬಂದರೆ? ಕೂಲಿಗೆ ಹೋಗಿ ದುಡಿದ ನೋಟು ಚಡ್ಡಿ ಜೇಬಿನಲ್ಲಿ ಬೆಚ್ಚಗಿದೆ. ಒಳಗೆ ಕಾಲಿಡಲು ಹೆದರಿಕೆ. ಬಾಗಿಲಲ್ಲಿ ನಿಂತು ಆ ಕಡೆ ಈ ಕಡೆ ನೋಡ್ತಾನೆ. ಚಪ್ಪಲಿ ಬಿಡಬೇಕೋ ಬೇಡವೋ ಗೊತ್ತಾಗ್ತಿಲ್ಲ. ಅಂಗಿ ಮುಟ್ಟಿ ನೋಡ್ತಾನೆ, ಸಾವುಕಾರರು ನೋಡಿದರೆ ಕೈ ಹಿಂದಕ್ಕೆ ಎಳ್ಕೋತಾನೆ. ಗಲ್ಲಾದಿಂದ ಕಣ್ಸನ್ನೆ ಹೋಯಿತು. ಸೇಲ್ಸ್ ಹುಡುಗ ಬಂದು ಬೆನ್ನ ಹಿಂದೆ ನಿಂತ. ನಿಂತದ್ದು ಗೊತ್ತಾಗಿ ತಾಂಡಾದ ಹುಡುಗ ಇನ್ನೂ ಬೆವತ. ಬೆವತದ್ದು ಕಂಡು ಸಾವುಕಾರರಿಗೆ ಖಾತ್ರಿ ಆಯಿತು! "ಮೋರೆ ನೋಡಿದ್ರ ಗೊತ್ತಾಗತೈತಿ ಬಿಡ್ರಿ. ಮೂವತ್ತು ವರ್ಷದ ಸರ್ವೀಸು ನಮ್ಮದು."

ಮೂವತ್ತು ವರ್ಷದ ಸರ್ವೀಸಿನವರಿಗೆ ಒಂದು ಪ್ರಶ್ನೆ. ಹೆದರಿದ ಮೋರೆಗೂ ಕದ್ದ ಮೋರೆಗೂ ಫರಕು ಏನು? ಬೆವರು ಎರಡಕ್ಕೂ ಬರುತ್ತೆ, ಕಣ್ಣು ಎರಡರಲ್ಲೂ ತಪ್ಪುತ್ತೆ, ಗಂಟಲೂ ಒಣಗುತ್ತೆ. ಹಾಗಾದರೆ ಏನು ಓದಿದ ಹಾಗಾಯಿತು?

"ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ" ಅಂತ ಹಿರಿಯರ ಗಾದೆ ಇದೆ. ಹಿರಿಯರ ಮೇಲೆ ಗೌರವ ಇಟ್ಟುಕೊಂಡೇ ಹೇಳಬೇಕಾದ ಮಾತು: ಈ ಗಾದೆ ಎಷ್ಟು ಕುಂಬಳಕಾಯಿ ಕಳ್ಳರನ್ನು ಹಿಡಿದುಕೊಟ್ಟಿತೋ ಗೊತ್ತಿಲ್ಲ, ಹಿಡಿಯಬಾರದವರನ್ನು ಹಿಡಿದದ್ದು ಬಹಳ. ಸಂತೆ ಬೀದಿಯಲ್ಲಿ ನಿಂತು "ಏ ಕಳ್ಳಾ!" ಎಂದು ಕೂಗಿ ನೋಡಿ. ಕದಿಯದ ಇಪ್ಪತ್ತು ಜನ ತಿರುಗಿ ನೋಡ್ತಾರೆ, ಹತ್ತು ಜನ ತಮ್ಮ ಚೀಲ ಮುಟ್ಟಿ ನೋಡ್ಕೋತಾರೆ. ನಿಜವಾದ ಕಳ್ಳ? ಅವನು ನಿಂಬೆಹಣ್ಣಿನ ರೇಟು ಕೇಳ್ತಾ ನಿಂತಿರ್ತಾನೆ. ಅವನಿಗೆ ಅಭ್ಯಾಸ ಆಗಿರುತ್ತೆ.

ಇದು ಬರೀ ವಾದವಲ್ಲ. ಅಮೆರಿಕದ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಎಂಬ ಮನಶ್ಶಾಸ್ತ್ರಜ್ಞರು ಸುಳ್ಳು-ನಿಜ ಪತ್ತೆ ಹಚ್ಚುವ ನೂರಾರು ಪರೀಕ್ಷೆಗಳನ್ನು ಒಟ್ಟು ಹಾಕಿ 2006ರಲ್ಲಿ ಲೆಕ್ಕ ಕೊಟ್ಟರು. ಪರೀಕ್ಷೆಗೆ ಕೂತವರು 24 ಸಾವಿರಕ್ಕೂ ಹೆಚ್ಚು ಜನ. ಎದುರಿನವನು ಹೇಳೋದು ಸುಳ್ಳೋ ನಿಜವೋ ಎಂದು ಸರಿಯಾಗಿ ಹೇಳಿದ್ದು ನೂರಕ್ಕೆ 54 ಸಲ. ನಾಲ್ಕಾಣೆ ನಾಣ್ಯ ಚಿಮ್ಮಿದ್ದರೆ 50 ಬರುತ್ತಿತ್ತು! ದಿನಾ ಇದೇ ಕೆಲಸ ಮಾಡುವವರು, ಪೊಲೀಸರು ಮುಂತಾದವರು, ಉಳಿದವರಿಗಿಂತ ಜಾಣರೇನೂ ಆಗಿರಲಿಲ್ಲ. ಅವರಿಗೇ ಇಷ್ಟಾದರೆ ಗಲ್ಲಾದ ಮೇಲೆ ಕೂತವರ ಗತಿಯೇನು?

ಕಾಲೇಜುಗಳಲ್ಲಿ ವ್ಯಕ್ತಿತ್ವ ವಿಕಸನದ ಭಾಷಣಕಾರರು ಬಂದು "ಮಾತಿನ ಪಾಲು ಬರೀ ಶೇಕಡಾ 7, ಉಳಿದದ್ದೆಲ್ಲ ಮೈ ಮತ್ತು ದನಿ" ಅಂತ ಬೋರ್ಡಿನ ಮೇಲೆ ಬರೆದು ಹೋಗ್ತಾರೆ. ಅದು ಮೆಹ್ರಾಬಿಯನ್ ಎಂಬವರು 1967ರಲ್ಲಿ ಮಾಡಿದ ಪ್ರಯೋಗದಿಂದ ಬಂದದ್ದು. ಒಂದು ಪದ ಹೇಳಿಸಿ, ಹೇಳಿದವರಿಗೆ ಇಷ್ಟವೋ ಅನಿಷ್ಟವೋ ಎಂದು ಕೇಳಿದ ಸಣ್ಣ ಪ್ರಯೋಗ. ಮಾತೆಲ್ಲಕ್ಕೂ ಅದನ್ನು ಹಚ್ಚಬೇಡಿ ಎಂದು ಆತನೇ ಹೇಳಿದ್ದಾನೆ. ಶೇಕಡಾ 7 ಮಾತು ಸಾಕಾಗಿದ್ದರೆ ಆ ಭಾಷಣಕಾರರು ಎರಡು ಗಂಟೆ ಮಾತಾಡುವ ಅಗತ್ಯ ಏನಿತ್ತು?

ಬಯಲಾಟದ ಮಾತು ಬೇರೆ. ಭರತನ ನಾಟ್ಯಶಾಸ್ತ್ರದಲ್ಲಿ ತಲೆಯ ಚಲನೆ 13 ಬಗೆ, ನೋಟ 36 ಬಗೆ. ರಂಗದ ಮೇಲೆ ರಾಕ್ಷಸ ಹುಬ್ಬು ಏರಿಸಿದರೆ ಕೊನೆಯ ಸಾಲಿನಲ್ಲಿ ಕೂತ ಅಜ್ಜಿಗೂ ಗೊತ್ತು. ಬಣ್ಣ ಹಚ್ಚಿಕೊಂಡವನಿಗೂ ನೋಡುವವಳಿಗೂ ಲೆಕ್ಕ ಒಂದೇ. ಬೀದಿಯಲ್ಲಿ ಯಾರೂ ಬಣ್ಣ ಹಚ್ಚಿಕೊಂಡು ಬರೋದಿಲ್ಲ.

ಹುಟ್ಟು ನೋಡಿ ಕಳ್ಳ ಎನ್ನುವುದನ್ನು ಬ್ರಿಟಿಷರು ಕಾನೂನೇ ಮಾಡಿದ್ದರು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ. 1911ರಲ್ಲಿ ಅದು ಮದರಾಸು ಪ್ರಾಂತಕ್ಕೂ ಬಂತು. ಜಾತಿಗೆ ಜಾತಿಯೇ ಅಪರಾಧಿ, ಠಾಣೆಗೆ ಹಾಜರಿ ಹಾಕಬೇಕು. ಮದರಾಸು ಸರ್ಕಾರ 1947ರಲ್ಲಿ ಅದನ್ನು ತೆಗೆದುಹಾಕಿತು, ದೇಶಕ್ಕೆಲ್ಲ ರದ್ದಾದದ್ದು 1952ರ ಆಗಸ್ಟ್ 31ಕ್ಕೆ. ಕಾನೂನು ಸತ್ತು ಮುಕ್ಕಾಲು ಶತಮಾನ ಆಗುತ್ತಾ ಬಂತು. ಊರಲ್ಲಿ ಮೋಟಾರು ಕಳುವಾದರೆ ಮೊದಲ ನೋಟ ಇವತ್ತಿಗೂ ಎತ್ತ ಹೋಗುತ್ತೆ ಅನ್ನೋದನ್ನು ಬಿಡಿಸಿ ಹೇಳಬೇಕೇ?

ಇದು ಅಂಗಡಿಯ ಅವಮಾನಕ್ಕೆ ಮುಗಿದರೆ ಪುಣ್ಯ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ನೆನಪಿರಬೇಕು. ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬ ಗೆಳೆಯರೊಂದಿಗೆ ಕಾರಿನಲ್ಲಿ ಬಂದಿದ್ದ. ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕಲೇಟು ಕೊಟ್ಟರು. ಅಷ್ಟೇ. ಮೊಬೈಲಿನಲ್ಲಿ ಮಕ್ಕಳ ಕಳ್ಳರ ಸುದ್ದಿ ಹರಿದಾಡುತ್ತಿದ್ದ ಕಾಲ ಅದು. ಮಕ್ಕಳ ಮುಂದೆ ಚಾಚಿದ ಕೈಯನ್ನು ಜನ ಓದಿದರು. ಹೆದರಿ ಕಾರು ಓಡಿಸಿದ್ದನ್ನೂ ಓದಿದರು, "ಓಡ್ತಾರೆ ಅಂದರೆ ಕಳ್ಳರೇ!" ಜನ ಮುಗಿಬಿದ್ದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಆ ಇಂಜಿನಿಯರ್ ಉಳಿಯಲಿಲ್ಲ. ಚಾಕಲೇಟು ಯಾಕೆ ಕೊಟ್ಟಿರಪಾ ಅಂತ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು.

ಇಷ್ಟು ಓದು ಬಲ್ಲ ಜನ, ನಿಜವಾಗಿ ಓದಬೇಕಾದದ್ದನ್ನು ಓದುತ್ತಾರಾ?

ಬೆಳಿಗ್ಗೆ ಎಂಟೂವರೆ ಬಸ್ಸು. ಹರಪನಹಳ್ಳಿಯಿಂದ ಕೊಟ್ಟೂರಿಗೋ, ಹಗರಿಬೊಮ್ಮನಹಳ್ಳಿಯಿಂದ ಕೂಡ್ಲಿಗಿಗೋ, ಯಾವುದಾದರೂ ಆಗಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳು ಆಧಾರ್ ಕಾರ್ಡು ತೋರಿಸಿ ಬಸ್ಸು ತುಂಬಿದ್ದಾರೆ. ಕಾಲೇಜಿಗೆ, ಗಾರ್ಮೆಂಟಿಗೆ, ಆಸ್ಪತ್ರೆಗೆ. ಗಂಡಸರ ಗೊಣಗಾಟ ಒಂದು ಕಡೆ ಇರಲಿ. ನಿಂತ ಹುಡುಗಿಯೊಬ್ಬಳು ಕಾಲೇಜು ಬ್ಯಾಗನ್ನು ಬೆನ್ನಿನಿಂದ ತೆಗೆದು ಎದೆಗೆ ಅವುಚಿಕೊಳ್ತಾಳೆ. ಮೊಣಕೈ ಹೊರಗೆ ಚಾಚ್ತಾಳೆ. ಒಂದು ಹೆಜ್ಜೆ ಮುಂದೆ ಸರೀತಾಳೆ. ಹಿಂದಿದ್ದವನೂ ಒಂದು ಹೆಜ್ಜೆ ಸರೀತಾನೆ. ಅವಳು ಕಿಟಕಿ ಕಂಬಿ ಹಿಡಿದು ಕಲ್ಲಾಗ್ತಾಳೆ. ಇದನ್ನು ಓದಲು ಯಾವ ಶಾಸ್ತ್ರ ಬೇಕು? ಎತ್ತಿನ ಹಲ್ಲಿನಷ್ಟು ಸ್ಪಷ್ಟ. ಪಕ್ಕದ ಸೀಟಿನ ಯಜಮಾನರು ಅದೇ ಹೊತ್ತಿಗೆ ಕಿಟಕಿಯಾಚೆ ಮೆಕ್ಕೆಜೋಳ ನೋಡ್ತಾ ಇರ್ತಾರೆ. ಇನ್ನೊಬ್ಬರಿಗೆ ಮೊಬೈಲು. ಮತ್ತೊಬ್ಬರಿಗೆ ನಿದ್ದೆ. ಬಟ್ಟೆ ಅಂಗಡಿಯಲ್ಲಿ ಹತ್ತು ಮಾರು ದೂರದಿಂದ ಕಳ್ಳನನ್ನು ಗುರುತಿಸುವ ಕಣ್ಣು ಬಸ್ಸಿನಲ್ಲಿ ಒಂದು ಗೇಣು ದೂರದ್ದನ್ನು ಕಾಣೋದಿಲ್ಲ!

"ಬಾಯಿ ಬಿಟ್ಟು ಹೇಳಬೇಕಪಾ ಆಕಿ" ಅಂತಾರೆ. ಅಲ್ಲೂ ನೋಡಿ ಚಮತ್ಕಾರ. ಅಂಗಡಿಯ ಹುಡುಗ ಏನೂ ಹೇಳದಿದ್ದರೂ ಅವನ ಮೈ ಹೇಳಿತು ಅಂತ ನಂಬ್ತಾರೆ. ಬಸ್ಸಿನ ಹುಡುಗಿಯ ಮೈ ಕೂಗಿ ಹೇಳಿದರೂ ಬಾಯಲ್ಲಿ ಬರಲಿ ಅಂತಾರೆ. ಹೇಳಿದರೆ ಅವಳ ಊರು ಯಾವುದು, ಅಪ್ಪ ಯಾರು, ನಾಳೆಯಿಂದ ಕಾಲೇಜಿಗೆ ಕಳಿಸ್ತಾರೋ ಇಲ್ಲವೋ ಅನ್ನೋದೆಲ್ಲ ಅವಳ ತಲೆಯಲ್ಲಿ ಓಡ್ತಿರುತ್ತೆ. ಅದಕ್ಕೇ ಪಿನ್ನು ಇಟ್ಟುಕೊಂಡು ಬರ್ತಾಳೆ. ಅವಳ ಅವ್ವ ಕೊಟ್ಟ ಪಿನ್ನು. ಅವ್ವನಿಗೂ ಅವಳ ಅವ್ವ ಕೊಟ್ಟಿರಬೇಕು.

ಕಾನೂನು ಸನ್ನೆಯನ್ನೂ ಬಿಟ್ಟಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಮಿನಲ್ಲಿ, ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದ ಮಾತು, ದನಿ, ಸನ್ನೆ ಎಲ್ಲಕ್ಕೂ ಮೂರು ವರ್ಷದವರೆಗೆ ಸಜೆ, ಜೊತೆಗೆ ದಂಡ. ಹಳೆಯ ಐ.ಪಿ.ಸಿ.ಯ 509 ಇದೇ. ಮೈಮೇಲೆ ಕೈ ಹಾಕಿದರೆ 74ನೇ ಕಲಮು, ಒಂದರಿಂದ ಐದು ವರ್ಷ. 112ಕ್ಕೆ ಫೋನು ಮಾಡಿದರೆ ಪೊಲೀಸರು. ಇದೆಲ್ಲ ಸರಿ. ಬಸ್ಸಿನಲ್ಲಿ ಐವತ್ತು ಸಾಕ್ಷಿ ಇದ್ದೂ ಒಬ್ಬನೂ ಇಲ್ಲದಿದ್ದರೆ ಕಲಮು ಏನು ಮಾಡೀತು?

ಇನ್ನು ಕಚೇರಿ. ಹರಪನಹಳ್ಳಿಯವರನ್ನು ಕೇಳಬೇಕು. 1997ರಲ್ಲಿ ದಾವಣಗೆರೆ ಜಿಲ್ಲೆ ಅಂದರು. 2018ರಲ್ಲಿ ಮತ್ತೆ ಬಳ್ಳಾರಿ ಅಂದರು. 2021ರಲ್ಲಿ ವಿಜಯನಗರ ಅಂದರು. ಕಾಲು ಶತಮಾನದಲ್ಲಿ ಮೂರು ಜಿಲ್ಲಾ ಕಚೇರಿಯ ಮೆಟ್ಟಿಲು ಹತ್ತಿದ್ದಾಯಿತು. ಕಚೇರಿ ಬದಲಾಯಿತು, ರೈತ ಅಲ್ಲಿ ನಿಲ್ಲುವ ರೀತಿ ಬದಲಾಗಲಿಲ್ಲ. ಟವೆಲ್ಲು ಹೆಗಲಿನಿಂದ ಕಂಕುಳಿಗೆ. ಬೆನ್ನು ತುಸು ಬಾಗಿ. ಖಾಲಿ ಕುರ್ಚಿ ಎದುರಿಗಿದ್ದರೂ ಕೂಡ್ರೋದಿಲ್ಲ. ಗುಮಾಸ್ತರ ಕಣ್ಣು ಫೈಲಿನಿಂದ ಏಳೋದಿಲ್ಲ. ಆ ಬಗ್ಗಿದ ಬೆನ್ನು "ಮೂರನೇ ಸಲ ಬಂದೀನ್ರೀ ಯಪ್ಪಾ, ಬಸ್ ಚಾರ್ಜು ಸಾಲ ಮಾಡೀನಿ" ಅಂತ ಹೇಳ್ತಾ ಇದೆ. ಓದುವವರಿಲ್ಲ. ಅದೇ ರೈತ ಕುರುವತ್ತಿಯಲ್ಲಿ ಟವೆಲ್ಲಿನ ಕೆಳಗೆ ಕೈಯಿಟ್ಟಾಗ ನೆಟ್ಟಗೆ ನಿಂತಿದ್ದ. ಅಲ್ಲಿ ಅವನದೂ ಒಂದು ಕೈ ಇತ್ತು.

"ಕೂಡ್ರಿ ಯಜಮಾನ್ರ" ಅನ್ನಲು ಗುಮಾಸ್ತರಿಗೆ ಸರ್ಕಾರಿ ಆದೇಶ ಬೇಕಾಗಿಲ್ಲ. ಅಂಗಡಿಯವರಿಗೂ ಉಪಾಯ ಇಲ್ಲದೇನಿಲ್ಲ. ಚೀಲ ಬಾಗಿಲಲ್ಲಿ ಇಡಬೇಕೆಂದರೆ ಎಲ್ಲರ ಚೀಲವೂ ಇಡಲಿ, ಇಸ್ತ್ರಿ ಅಂಗಿಯವರದೂ ಇಡಲಿ. ಮಾಲು ಕಡಿಮೆ ಬಿದ್ದರೆ ಮೊದಲು ಸ್ಟಾಕು ಪುಸ್ತಕ ನೋಡಲಿ. ಬೆನ್ನ ಹಿಂದೆ ಹುಡುಗನನ್ನು ನಿಲ್ಲಿಸೋ ಬದಲು "ಏನು ಬೇಕಪಾ ತಮ್ಮಾ, ಎಷ್ಟರದ್ದು ತೋರಿಸಲಿ?" ಅಂತ ಕೇಳಿದರೆ ಅಂಗಿಯೂ ಮಾರಾಟ ಆಗುತ್ತೆ. ಅವನ ಜೇಬಿನ ನೋಟಿನಲ್ಲಿ ಬೆವರಿನ ವಾಸನೆ ಇರಬಹುದು, ಬ್ಯಾಂಕಿನವರು ತಗೋತಾರೆ.

ಬಸ್ಸಿನದು ಇನ್ನೂ ಸಲೀಸು. ಮೆಕ್ಕೆಜೋಳ ನೋಡುತ್ತಿದ್ದ ಯಜಮಾನರು ಎದ್ದು, "ಬಾರವ್ವಾ, ಇಲ್ಲಿ ಕೂಡು" ಎಂದು ಸೀಟು ಬಿಟ್ಟು, ಅವಳಿಗೂ ಹಿಂದಿನವನಿಗೂ ನಡುವೆ ತಾವು ನಿಂತರೆ ಆಯಿತು. ಜಗಳ ಬೇಡ, ಭಾಷಣ ಬೇಡ. ಅಷ್ಟಕ್ಕೂ ಬಗ್ಗದಿದ್ದರೆ ಕಂಡಕ್ಟರಿಗೆ ಒಂದು ಕಣ್ಸನ್ನೆ. ಒಂದೇ ಸೀಟಿಗೆ ಬಸ್ಸು ನಿಲ್ಲುತ್ತೆ. ಇಳಿಸಬೇಕಾದವನನ್ನು ಇಳಿಸಿದ ಮೇಲೆ ಎರಡು ಊದಿದರಾಯಿತು.